ರಕ್ತ ನನ್ನದು, ಚರ್ಮ ಅಕ್ಕನದು

ಅಕ್ಕನ ಮೈಯಲ್ಲಿ ಈಗ ಓಡುತ್ತಿರುವುದು ನನ್ನ ರಕ್ತ. ಇದು ಅಕ್ಕ-ತಮ್ಮ ಸೆಂಟಿಮೆಂಟಿನ ಮಾತಲ್ಲ, ಲ್ಯಾಬ್ ರಿಪೋರ್ಟಿನ ಮಾತು. ಹುಟ್ಟಿದಾಗಿನಿಂದ ಓ ಪಾಸಿಟಿವ್ ಇದ್ದವಳು ಈಗ ಬಿ ಪಾಸಿಟಿವ್. ಅವಳ ರಕ್ತ ತೆಗೆದು ಕ್ರೋಮೋಸೋಮ್ ನೋಡಿದರೆ ಗಂಡಸಿನದು ಅಂತ ಬರುತ್ತದೆ. ಆದರೆ ಚರ್ಮ, ಉಗುರು ಎಲ್ಲ ಅವಳದೇ, ಹಳೆಯದೇ. ಈ ಎರಡರ ನಡುವೆ ತಕರಾರು ಎದ್ದರೆ ಅದು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಚರ್ಮದ ಮೇಲೆ. ರಕ್ತ ತಯಾರಿಸುವ ನನ್ನ ಮೂಲಕೋಶಗಳನ್ನು ಅವಳಿಗೆ ಹಾಕಿದ ಈ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಕೇಳುವವರೆಲ್ಲ ಆಪರೇಷನ್ ಹೇಗಿತ್ತು ಅನ್ನುತ್ತಾರೆ. ಆಪರೇಷನ್ ಏನೂ ಇರಲಿಲ್ಲ. ಇದ್ದಿದ್ದೆಲ್ಲ ಆಮೇಲೆ.

ಅಕ್ಕನಿಗೆ ಬಂದಿದ್ದು ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಕೀಮೋದಿಂದ ತಗ್ಗಿತು. ಆದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ ಇರುವ ಬಗೆ ಅದು, ಬೇರೆಯವರ ಸ್ಟೆಮ್ ಸೆಲ್ ಹಾಕಲೇಬೇಕು ಅಂದರು. ಒಡಹುಟ್ಟಿದವರಲ್ಲಿ, ಜೀವಕೋಶಗಳ ಗುರುತಿನ ಚೀಟಿಯಂಥ ಎಚ್‌ಎಲ್‌ಎ ಪೂರ್ತಿ ಹೊಂದುವ ಅವಕಾಶ ನಾಲ್ಕರಲ್ಲಿ ಒಂದು. ನಾವು ಇಬ್ಬರೇ ಮಕ್ಕಳು, ಅಂದರೆ ಒಂದೇ ಲಾಟರಿ ಟಿಕೆಟ್ಟು. ಹೊಡೆಯಿತು. ಹೊಂದದಿದ್ದವರು ದಾತ್ರಿಯಂಥ, ಸ್ಟೆಮ್ ಸೆಲ್ ದಾನಿಗಳ ಹೆಸರಿಟ್ಟುಕೊಂಡ ರಿಜಿಸ್ಟ್ರಿಗಳಲ್ಲಿ ಹುಡುಕಬೇಕು, ಇಲ್ಲವೇ ಅರ್ಧ ಹೊಂದುವ ಅಪ್ಪನೋ ಅಮ್ಮನೋ ಮಕ್ಕಳೋ ಕೊಡಬೇಕು. ಈಗೀಗ ಅದನ್ನೂ ಚೆನ್ನಾಗಿಯೇ ಮಾಡುತ್ತಾರೆ.

ಕೊಟ್ಟವನ ಕೆಲಸ ದೊಡ್ಡದೇನಲ್ಲ. ಮಜ್ಜೆಯ ಸ್ಟೆಮ್ ಸೆಲ್ ರಕ್ತಕ್ಕೆ ಇಳಿಯಲಿ ಅಂತ ಕೆಲವು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್. ಸೊಂಟದ ಮೂಳೆಯಲ್ಲಿ ನೋವು. ಆಮೇಲೆ ಮಂಚದ ಮೇಲೆ ಮಲಗಿದರೆ ಒಂದು ಕೈಯಿಂದ ರಕ್ತ ಮೆಷಿನ್ನಿಗೆ ಹೋಗುತ್ತದೆ, ಇನ್ನೊಂದು ಕೈಗೆ ವಾಪಸ್ ಬರುತ್ತದೆ. ಗಂಟೆಗಟ್ಟಲೆ ಅಲ್ಲಾಡುವ ಹಾಗಿಲ್ಲ, ಅಷ್ಟೇ. ಕೊನೆಗೆ ಚೀಲದಲ್ಲಿ ಕೂಡಿದ್ದು ಟೊಮೆಟೊ ಸಾರಿನ ಬಣ್ಣದ ದ್ರವ. ಅದನ್ನು ಅಕ್ಕನಿಗೆ ಸುಮ್ನೆ ರಕ್ತ ಏರಿಸಿದ ಹಾಗೆ ಏರಿಸಿದರು.

ಚರ್ಮದ ಕಥೆ ಅದಕ್ಕೂ ಮೊದಲೇ ಶುರುವಾಗಿತ್ತು. ಹಳೆ ಮಜ್ಜೆಯನ್ನು ಖಾಲಿ ಮಾಡಲು ಕೊಡುವ ಬುಸಲ್ಫಾನ್ ಅನ್ನುವ ಕೀಮೋ ಔಷಧಿ ಮೈಯನ್ನೂ ಕಪ್ಪಾಗಿಸುತ್ತದೆ. ಎದೆಯ ಮೇಲೆ ಔಷಧಿ ಹಾಯಿಸುವ ಲೈನ್ ಹಾಕಿದ ಜಾಗದಲ್ಲಿ ಪ್ಲಾಸ್ಟರ್ ಎಷ್ಟಗಲವೋ ಅಷ್ಟಗಲ ಚೌಕವಾಗಿ ಕೆರೆತ. ಪ್ಲೇಟ್‌ಲೆಟ್ ಇಳಿದಾಗ ಕಾಲಿನ ಮೇಲೆ ಸಣ್ಣ ಸಣ್ಣ ಚುಕ್ಕೆ, ಬೆರಳಿನಿಂದ ಒತ್ತಿದರೂ ಮಾಯವಾಗದಂಥವು. ಆಂಟಿಬಯಾಟಿಕ್ ಬದಲಿಸಿದ ಮಾರನೇ ದಿನ ಬೆನ್ನ ತುಂಬ ದದ್ದು. ಆ ವಾರ್ಡಿನಲ್ಲಿ ದದ್ದು ಅನ್ನುವುದು ಸುದ್ದಿಯೇ ಅಲ್ಲ.

ಹಾಗಾಗಿ ಹೊಸ ರಕ್ತಕಣಗಳ ಕೌಂಟ್ ಏರತೊಡಗಿದ ಹೊತ್ತಿಗೆ ಅಕ್ಕ "ಅಂಗೈ ಯಾಕೋ ಬಿಸಿ ಬಿಸಿ ಅನ್ಸತ್ತೆ" ಅಂದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಡಾಕ್ಟರು ಕೆಡಿಸಿಕೊಂಡರು. ಕಿವಿಯ ಹಾಲೆ ನೋಡಿದರು. ಕತ್ತಿನ ಹಿಂಭಾಗ ನೋಡಿದರು. ಕಾಲುಚೀಲ ತೆಗೆಸಿ ಪಾದದ ಅಡಿ ನೋಡಿದರು. "ಔಷಧಿ ಇರಬಹುದು, ವೈರಸ್ ಇರಬಹುದು, ಇಲ್ಲಾ ಇವರಿರಬಹುದು" ಅಂತ ನನ್ನ ಕಡೆ ಕೈ ತೋರಿಸಿದರು.

ಇವರಿರಬಹುದು ಅಂದಿದ್ದು ಜಿವಿಎಚ್‌ಡಿಗೆ. ಹಾಕಿದ ಜೀವಕೋಶಗಳು ಹಾಕಿಸಿಕೊಂಡವರ ಮೈಯನ್ನೇ ಪರಕೀಯ ಅಂತ ತಿಳಿದು ಮೇಲೆ ಬೀಳುವ ಕಾಯಿಲೆ. ಶುರುವಿನಲ್ಲಿ ಬರುವ ಬಗೆ ಮುಖ್ಯವಾಗಿ ಮೂರು ಕಡೆ ಹೊಡೆಯುತ್ತದೆ: ಚರ್ಮ, ಕರುಳು, ಲಿವರ್. ದದ್ದು ಅಂಗೈ, ಅಂಗಾಲು, ಕಿವಿ, ಕತ್ತಿನಲ್ಲಿ ಶುರುವಾದರೆ ಡಾಕ್ಟರುಗಳ ಕಿವಿ ನೆಟ್ಟಗಾಗುವುದು ಇದಕ್ಕೇ. ಖಚಿತ ಮಾಡಿಕೊಳ್ಳಲು ನಾಲ್ಕು ಮಿಲಿಮೀಟರ್ ಚರ್ಮ ಕತ್ತರಿಸಿ ಬಯಾಪ್ಸಿಗೆ ಕಳಿಸುತ್ತಾರೆ. ಆದರೆ ಶುರುವಿನ ದಿನಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ಔಷಧಿಯ ದದ್ದೂ ಇದೂ ಹೆಚ್ಚುಕಮ್ಮಿ ಒಂದೇ ಥರ ಕಾಣಬಹುದು. ಕೊನೆಗೆ ತೀರ್ಮಾನ ಮಾಡುವುದು ಕಣ್ಣು, ಕೈ, ಮತ್ತು ದಿನದ ಲೆಕ್ಕ.

ಇಲ್ಲೇ ಒಂದು ತೊಡಕು. ನಮ್ಮ ಬಣ್ಣದ ಮೈಮೇಲೆ ಕೆಂಪು ಕೆಂಪಾಗಿ ಕಾಣುವುದಿಲ್ಲ. ಆ ರಾತ್ರಿ ಮೊಬೈಲಿನಲ್ಲಿ ಜಿವಿಎಚ್‌ಡಿ ಫೋಟೋ ಹುಡುಕಿದೆ. ಬಂದಿದ್ದೆಲ್ಲ ಬಿಳಿ ಚರ್ಮದ ಮೇಲೆ ಗುಲಾಬಿ ದದ್ದು. ಅದನ್ನು ನೋಡಿ ಅಕ್ಕನನ್ನು ನೋಡಿದರೆ ಏನೂ ಇಲ್ಲ ಅಂತಲೇ ಅನ್ನಬೇಕು. ಮಾರನೇ ದಿನ ಹಿರಿಯ ನರ್ಸ್ ಒಬ್ಬರು ಬಂದು ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪರದೆ ಸರಿಸಿದರು. ಅಕ್ಕನ ಅಂಗೈ ಪಕ್ಕ ನನ್ನ ಅಂಗೈ ಹಿಡಿಸಿದರು. ಆಗ ಗೊತ್ತಾಯಿತು. ಅವಳದು ನೇರಳೆ ಬೆರೆತ ಕಂದು, ಗೆರೆಗಳ ಒಳಗೆ ಇನ್ನೂ ಗಾಢ. ಆಮೇಲೆ ತಮ್ಮ ಕೈಯ ಹಿಂಬದಿಯಿಂದ ಅವಳ ಕತ್ತು ಮುಟ್ಟಿದರು, ಬಿಸಿ ಇತ್ತು. ಬೆರಳಿನಿಂದ ಭುಜ ಸವರಿದರು, ತರಿತರಿ ಇತ್ತು. ಪ್ರಶ್ನೆಗಳೂ ಬಣ್ಣದ ಬಗ್ಗೆ ಇರಲಿಲ್ಲ. ಕೆರೆತವಾ, ಉರಿಯಾ? ಬಿಸಿ ಲೋಟ ಹಿಡಿಯೋಕೆ ಆಗುತ್ತಾ? ನೈಟಿಯ ಕತ್ತಿನ ಪಟ್ಟಿ ಚುಚ್ಚುತ್ತಾ? ಚಪ್ಪಲಿ ಹಾಕಿ ನಡೆದರೆ ನೋವಾ?

ಡಾಕ್ಟರುಗಳಿಗಿಂತ ನಾನು ಜಾಸ್ತಿ ಕಲಿತಿದ್ದು ಈ ನರ್ಸ್ ಹತ್ತಿರ. ಅಳತೆ ಹೇಳಿಕೊಟ್ಟಿದ್ದೂ ಅವರೇ. ಬೆರಳೂ ಸೇರಿ ನಮ್ಮ ಒಂದು ಅಂಗೈ ಅಂದರೆ ನಮ್ಮ ಮೈಯ ಸುಮಾರು ಶೇಕಡಾ 1. ದದ್ದು ಎಷ್ಟು ಅಂಗೈ ಇದೆ ಅಂತ ಎಣಿಸುತ್ತಾ ಹೋಗುವುದು. ಶೇಕಡಾ 25ರ ಒಳಗಿದ್ದರೆ ಮೊದಲ ಹಂತ, 50ರ ತನಕ ಎರಡನೆಯದು, ಅದನ್ನು ದಾಟಿದರೆ ಮೂರು, ಮೈಯೆಲ್ಲ ಕೆಂಪಾಗಿ ಬೊಬ್ಬೆ ಎದ್ದರೆ ನಾಲ್ಕು. 1974ರಲ್ಲಿ ಅಮೆರಿಕದ ಸಿಯಾಟಲ್‌ನ ವೈದ್ಯರು ಕೊಟ್ಟ ಲೆಕ್ಕ, ಇವತ್ತಿಗೂ ಬಳಕೆಯಲ್ಲಿದೆ. ಅಕ್ಕ ಪ್ರೈಮರಿ ಸ್ಕೂಲ್ ಟೀಚರ್. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ತನ್ನ ಅಂಗೈಯಲ್ಲಿ ತನ್ನ ಮೈ ಅಳೆದು, ಹಾಜರಿ ಪುಸ್ತಕದಲ್ಲಿ ಬರೆದ ಹಾಗೆ ಬರೆದಿಡುತ್ತಿದ್ದಳು. ಬೆನ್ನಿನದು ಮಾತ್ರ ನನ್ನ ಪಾಲಿಗೆ. ಆದರೆ ನನ್ನ ಅಂಗೈ ದೊಡ್ಡದು, ಲೆಕ್ಕ ತಪ್ಪುತ್ತದೆ ಅಂತ ಜಗಳ. ಕೊನೆಗೆ ಅವಳ ಅಂಗೈಯನ್ನು ಪೇಪರ್ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ ಕೊಟ್ಟಳು.

ಪೂರ್ತಿ ಮ್ಯಾಚ್ ಅಂದಮೇಲೂ ಜಗಳ ಯಾಕೆ? ಎಚ್‌ಎಲ್‌ಎ ಹೊಂದಿದರೂ ಸಣ್ಣಪುಟ್ಟ ವ್ಯತ್ಯಾಸಗಳು ಇದ್ದೇ ಇರುತ್ತವೆ. ಕೀಮೋದಿಂದ ಪೆಟ್ಟು ತಿಂದ ಮೈ ಆಗಲೇ ಗಾಬರಿಯ ಸಂಕೇತ ಕಳಿಸುತ್ತಿರುತ್ತದೆ. ಚರ್ಮದೊಳಗೆ ಲ್ಯಾಂಗರ್‌ಹಾನ್ಸ್ ಅನ್ನುವ ಕಾವಲು ಕೋಶಗಳಿವೆ. 1868ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಕಂಡುಹಿಡಿದು, ನರದ ಕೋಶ ಅಂದುಕೊಂಡಿದ್ದ. ಟ್ರಾನ್ಸ್‌ಪ್ಲಾಂಟ್ ಆದಮೇಲೂ ಸ್ವಲ್ಪ ಕಾಲ ಇವು ಹಳೆಯವೇ ಉಳಿದಿರುತ್ತವೆ. ಅಕ್ಕನ ಹಳೆ ಕಾವಲುಗಾರರು ಅಕ್ಕನ ಗುರುತನ್ನೇ ಎತ್ತಿ ತೋರಿಸುತ್ತಾರೆ, ದಾಳಿ ಮಾಡುವ ಬಿಳಿ ರಕ್ತಕಣಗಳಾದ ನನ್ನ ಟಿ-ಸೆಲ್‌ಗಳು ಅದನ್ನು ನೋಡಿ ಕೆರಳುತ್ತವೆ. ಹೆಂಗಸಿನ ಸೆಲ್ ಗಂಡಸಿಗೆ ಹಾಕಿದರೆ ವೈ ಕ್ರೋಮೋಸೋಮಿನ ಕಾರಣಕ್ಕೆ ಈ ಕಾಟ ಇನ್ನೂ ಜಾಸ್ತಿ. ನಮ್ಮದು ಉಲ್ಟಾ. ಅಷ್ಟರ ಮಟ್ಟಿಗೆ ಬಚಾವ್.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಚಿಕ್ಕವರಿದ್ದಾಗಲೂ ನೀನು ಹಿಂಗೇ, ಅವಳನ್ನ ಪರಚದೇ ಬಿಡ್ತಿರಲಿಲ್ಲ" ಅಂದಳು. ಆಮೇಲೆ ನನಗೇ ಪಥ್ಯ ಶುರುವಾಯಿತು. ಬದನೆಕಾಯಿ ನಂಜು, ನೀನು ತಿನ್ನಬೇಡ, ನಿನ್ನ ರಕ್ತ ತಾನೇ ಅವಳಿಗೆ ಕೆರೆತ ತರ್ತಿರೋದು ಅಂತ. ಕೊಟ್ಟ ಮೇಲೆ ಆ ಸೆಲ್‌ಗಳಿಗೂ ನನಗೂ ಸಂಬಂಧ ಇಲ್ಲ, ಅವು ಅವಳ ಮಜ್ಜೆಯಲ್ಲಿ ಮನೆ ಮಾಡಿಕೊಂಡಿವೆ ಅಂದರೂ ಕೇಳಲಿಲ್ಲ. ಅವಳ ಖುಷಿಗೆ ಬಿಟ್ಟೆ. ಅಕ್ಕ ಮಾತ್ರ ಅದನ್ನು ಕೇಳಿ ಬಾಯಿಹುಣ್ಣಿನ ನೋವಿನಲ್ಲೂ ನಕ್ಕಳು.

ಆ ದಿನಗಳಲ್ಲಿ ಡಾಕ್ಟರುಗಳು ಮತ್ತೆ ಮತ್ತೆ ಹೇಳಿದ ಮಾತೊಂದಿದೆ: "ಸ್ವಲ್ಪ ಇದ್ದರೆ ಒಳ್ಳೆಯದೇ." ಕೇಳಿದರೆ ಮೈ ಉರಿಯುತ್ತದೆ, ಆದರೆ ಹಿಂದೆ ಗಟ್ಟಿ ಕಾರಣ ಇದೆ. 1979ರಲ್ಲಿ ಸಿಯಾಟಲ್‌ನಿಂದಲೇ ಬಂದ ಒಂದು ಅಧ್ಯಯನದಲ್ಲಿ, ಜಿವಿಎಚ್‌ಡಿ ಬಂದವರಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಮರುಕಳಿಸಿದ್ದು ಕಡಿಮೆ ಅಂತ ಕಂಡಿತು. ಥೇಟ್ ಒಂದೇ ಥರದ ಅವಳಿಗಳಿಂದ ಸೆಲ್ ಪಡೆದವರಿಗೆ ಈ ದದ್ದಿನ ರಗಳೆ ಬಹಳ ಕಡಿಮೆ, ಆದರೆ ಕ್ಯಾನ್ಸರ್ ವಾಪಸಾಗುವುದು ಜಾಸ್ತಿ. ಅಂದರೆ ಚರ್ಮಕ್ಕೆ ಬೀಳುವ ಪೆಟ್ಟೂ ಅಡಗಿ ಕೂತ ಕ್ಯಾನ್ಸರ್ ಸೆಲ್‌ಗೆ ಬೀಳುವ ಪೆಟ್ಟೂ ಒಂದೇ ಕೈಯಿಂದ. ಪೂರ್ತಿ ಕೈ ಕಟ್ಟಿದರೆ ಕ್ಯಾನ್ಸರ್‌ಗೆ ದಾರಿ, ಪೂರ್ತಿ ಬಿಟ್ಟರೆ ಮೈಗೇ ಅಪಾಯ. ತೀವ್ರವಾದ ಜಿವಿಎಚ್‌ಡಿ ಜೀವ ತೆಗೆಯುತ್ತದೆ, ಅದರಲ್ಲಿ ಒಳ್ಳೆಯದೇನೂ ಇಲ್ಲ.

ಈ ಮಾತನ್ನು ರೋಗಿಗೆ ಹೇಳುವಾಗ ಸ್ವಲ್ಪ ನಾಜೂಕು ಬೇಕು ಅಂತ ನನ್ನ ಅಭಿಪ್ರಾಯ. ರಾತ್ರಿ ಮೂರು ಗಂಟೆಗೆ ಕೆರೆತ ತಡೆಯಲಾಗದೆ, ಉಗುರು ತಾಗಿಸುವ ಹಾಗೂ ಇಲ್ಲದೆ, ಒದ್ದೆ ಟವೆಲ್ ಸುತ್ತಿಕೊಂಡು ಕೂತವಳಿಗೆ ಇದು ಶುಭಸೂಚನೆ ಅಂದರೆ ಏನನ್ನಿಸಬೇಡ? ಅಕ್ಕ ಒಮ್ಮೆ ಕೇಳಿಯೇಬಿಟ್ಟಳು: "ಸ್ವಲ್ಪ ಅಂದ್ರೆ ಎಷ್ಟು ಅಂಗೈ ಡಾಕ್ಟ್ರೇ?" ಅದಕ್ಕೆ ಉತ್ತರ ಬರಲಿಲ್ಲ.

ಚಿಕಿತ್ಸೆಯ ಬಗ್ಗೆ ಉದ್ದ ಬರೆಯುವುದಿಲ್ಲ. ಮುಲಾಮು ಸಾಲದೆ ಸ್ಟೀರಾಯ್ಡ್ ಮಾತ್ರೆ ಬಂತು. ಮುಖ ಊದಿತು, ಶುಗರ್ ಏರಿತು, ನಿದ್ದೆ ಹೋಯಿತು. ಹೊಸ ಕೋಶಗಳ ಆರ್ಭಟ ತಗ್ಗಿಸುವ ಸೈಕ್ಲೋಸ್ಪೋರಿನ್ ಮೊದಲಿನಿಂದಲೂ ಇತ್ತು. ಅದರ ದೆಸೆಯಿಂದ, ತಲೆಯಲ್ಲಿ ಒಂದು ಕೂದಲಿಲ್ಲದ ಕಾಲದಲ್ಲಿ ಕೆನ್ನೆಯ ಮೇಲೆ ರೋಮ ಬೆಳೆಯಿತು. ಮುಖಕ್ಕೆ ಅದೇ ಕೆಲಸ ಮಾಡುವ ಟ್ಯಾಕ್ರೋಲಿಮಸ್ ಮುಲಾಮು ಕೊಟ್ಟರು. ಇವೆರಡರ ಮೂಲ ಓದಿದಾಗ ತಮಾಷೆ ಅನ್ನಿಸಿತು. ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ. ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಅಕ್ಕನಿಗೋ, ಸೋಂಕಿನ ಭಯಕ್ಕೆ ಮಣ್ಣು ಮುಟ್ಟುವ ಹಾಗೇ ಇಲ್ಲ. ಅವಳ ಗುಲಾಬಿ ಕುಂಡಗಳೆಲ್ಲ ಪಕ್ಕದ ಮನೆ ಸೇರಿದವು.

ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು ಅಂತ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಅದು ಮುಗಿದು ಚಿತ್ರದುರ್ಗಕ್ಕೆ ಬಂದ ಮೇಲೆ ಚರ್ಮದ ಎರಡನೇ ಅಧ್ಯಾಯ. ಡಾಕ್ಟರು ಕೈಗೆ ಕೊಟ್ಟು ಕಳಿಸಿದ ಎಚ್ಚರಿಕೆ ಬಿಸಿಲಿನದು. ಅಲ್ಟ್ರಾವಯೊಲೆಟ್ ಕಿರಣ ಅಡಗಿದ್ದ ಜಿವಿಎಚ್‌ಡಿಯನ್ನು ಮತ್ತೆ ಎಬ್ಬಿಸಬಹುದು. ಫಂಗಸ್‌ಗೆ ಕೊಡುವ ವೊರಿಕೊನಜೋಲ್ ಬೇರೆ ಚರ್ಮವನ್ನು ಬಿಸಿಲಿಗೆ ಇನ್ನಷ್ಟು ನಾಜೂಕು ಮಾಡುತ್ತದೆ. ಚಿತ್ರದುರ್ಗದಲ್ಲಿ ಬಿಸಿಲು ತಪ್ಪಿಸಿಕೊಳ್ಳಿ ಅಂದರೆ ಹೇಗೆ? ಕಲ್ಲು ಸಂಜೆಯಾದರೂ ಕಾವು ಬಿಡದ ಊರು. ಅದರ ಮೇಲೆ ಹಿರಿಯರ ಬುದ್ಧಿಮಾತು: ಮನೆಯೊಳಗೇ ಕೂತು ಬಿಳಿಚಿಕೊಂಡಿದ್ದಾಳೆ, ಎಳೆಬಿಸಿಲಿಗೆ ಕೂರಿಸಿ.

ಬಂದುಹೋಗುವವರ ವೈದ್ಯ ಇಷ್ಟಕ್ಕೇ ಮುಗಿಯಲಿಲ್ಲ. ಮೈಮೇಲೆ ದದ್ದು ನೋಡಿದ ಒಬ್ಬರು ಅಮ್ಮ ಆಗಿದೆ ಅಂತ ತೀರ್ಮಾನಿಸಿ ಬೇವಿನ ಸೊಪ್ಪು ತಂದರು. ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ಟ್ಯೂಬ್ ತಂದು ಇದೂ ಅದೇ ಸ್ಟೀರಾಯ್ಡು, ಹಚ್ಚು ಅಂದರು. ನಮ್ಮಲ್ಲಿ ಸ್ಟೀರಾಯ್ಡ್ ಕ್ರೀಮನ್ನು ಬೆಳ್ಳಗಾಗಲು ಮುಖಕ್ಕೆ ಹಚ್ಚಿ ಚರ್ಮ ಹಾಳು ಮಾಡಿಕೊಂಡವರು ಎಷ್ಟಿಲ್ಲ? ಕೈಕಾಲಿಗೆ ಹಚ್ಚುವ ಜೋರಿನದನ್ನು ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣತೊಡಗುತ್ತದೆ. ಅಂಟುರೋಗ ಅಂತ ದೂರ ನಿಂತವರೂ ಇದ್ದರು. ಜಿವಿಎಚ್‌ಡಿ ಅಂಟುವುದಿಲ್ಲ. ಆದರೆ ಅವಳಿಗೆ ಜನರಿಂದ ಸೋಂಕು ತಗುಲುವ ಭಯ ಇತ್ತಲ್ಲ, ಹಾಗಾಗಿ ಆ ತಪ್ಪು ತಿಳಿವಳಿಕೆಯನ್ನು ನಾವು ತಿದ್ದಲು ಹೋಗಲಿಲ್ಲ.

ನಿಜಕ್ಕೂ ಹೆದರಿದ್ದು ಒಮ್ಮೆ, ಪಕ್ಕೆಯಲ್ಲಿ ಒಂದೇ ಕಡೆ ಸಾಲಾಗಿ ಗುಳ್ಳೆ ಎದ್ದಾಗ. ಸರ್ಪಸುತ್ತು. ತಲೆ ಬಾಲ ಕೂಡಿದರೆ ಉಳಿಯಲ್ಲ ಅಂತ ಊರಲ್ಲಿ ನಂಬಿಕೆ, ಕೆಮ್ಮಣ್ಣು ಬಳಿಸಲು ಕರೆದುಕೊಂಡು ಹೋಗುವ ಮಾತೂ ಬಂತು. ನಾವು ಕಾರು ಹತ್ತಿ ಬೆಂಗಳೂರಿಗೆ ಹೊರಟೆವು. ಚಿಕ್ಕಂದಿನಲ್ಲಿ ಬಂದುಹೋದ ಚಿಕನ್‌ಪಾಕ್ಸ್ ವೈರಸ್ ನರದಲ್ಲಿ ಮಲಗಿದ್ದು ರೋಗನಿರೋಧಕ ಶಕ್ತಿ ಕುಸಿದಾಗ ಏಳುತ್ತದೆ. ಅದಕ್ಕೇ ಟ್ರಾನ್ಸ್‌ಪ್ಲಾಂಟ್ ಆದವರಿಗೆ ಕನಿಷ್ಠ ಒಂದು ವರ್ಷ ಈ ವೈರಸ್ ತಡೆಯುವ ಅಸೈಕ್ಲೋವಿರ್ ಕೊಡುವುದು. ಎಲ್ಲ ದದ್ದೂ ನನ್ನ ರಕ್ತದ ಕಿತಾಪತಿ ಅಲ್ಲ ಅಂತ ಅವತ್ತು ಅಮ್ಮನಿಗೆ ಖಾತ್ರಿಯಾಯಿತು.

ಸ್ಟೀರಾಯ್ಡ್ ಮಾತ್ರೆ ಇಳಿಸುತ್ತಾ ಹೋದ ಹಾಗೆ ಬೇರೆ ಬಗೆಯದು ಮೆಲ್ಲಗೆ ಶುರುವಾಯಿತು. ದೀರ್ಘಕಾಲದ ಜಿವಿಎಚ್‌ಡಿ. ಮೊದಲೆಲ್ಲ ನೂರು ದಿನದ ಒಳಗಿನದು ಒಂದು, ಆಚೆಯದು ಇನ್ನೊಂದು ಅಂತ ಗೆರೆ ಎಳೆಯುತ್ತಿದ್ದರು. 2005ರಿಂದ ದಿನ ಅಲ್ಲ, ಲಕ್ಷಣ ನೋಡಿ ಹೇಳುತ್ತಾರೆ. ಮಣಿಕಟ್ಟಿನಲ್ಲಿ ಹೊಳೆಯುವ ನೇರಳೆ ಗಂಟುಗಳು. ಕೆನ್ನೆಯ ಒಳಗೆ ಬಿಳಿ ಗೆರೆಗಳ ಬಲೆ, ಒಂದು ತುತ್ತು ಸಾರನ್ನ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಉಗುರಿನಲ್ಲಿ ಉದ್ದುದ್ದ ಗೀರು. ಹಳೆ ದದ್ದು ಹೋದ ಕಡೆ ಕಪ್ಪು ಕಲೆ, ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಕಂದು ಮೈಮೇಲೆ ಶುರುವಿನ ಕೆಂಪು ಕಾಣದಿದ್ದರೂ ಕೊನೆಯ ಕಲೆ ಮಾತ್ರ ಎಲ್ಲರಿಗೂ ಕಾಣುತ್ತದೆ, ಬೇಗ ಹೋಗುವುದೂ ಇಲ್ಲ.

ಎಲ್ಲಕ್ಕಿಂತ ವಿಚಿತ್ರ ಸೊಂಟದ್ದು. ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸುತ್ತಲೂ ಒಂದು ಪಟ್ಟಿಯಷ್ಟು ಚರ್ಮ ಗಟ್ಟಿಯಾಗಿ ಹೊಳೆಯತೊಡಗಿತು. ಚಿವುಟಿದರೆ ಬೆರಳಿಗೆ ಸಿಗುತ್ತಿರಲಿಲ್ಲ. ಅಲ್ಲಿ ಬೆವರೂ ಇಲ್ಲ. ಚರ್ಮ ಬಿಗಿಯುವ ಈ ಬಗೆ ಬಟ್ಟೆ ಒತ್ತುವ, ಉಜ್ಜುವ ಜಾಗಗಳನ್ನು ಹುಡುಕಿಕೊಂಡು ಬರುತ್ತದಂತೆ. ಇಪ್ಪತ್ತು ವರ್ಷ ದಿನಾ ಸೀರೆ ಉಟ್ಟು ಶಾಲೆಗೆ ಹೋದವಳಿಗೆ ಆ ಜಾಗ ಯಾವುದು ಅಂತ ಬೇರೆ ಹೇಳಬೇಕಿಲ್ಲವಲ್ಲ. ಬಳೆ ತೆಗೆದಿಟ್ಟಳು, ವಾಚ್ ತೆಗೆದಿಟ್ಟಳು, ಸೀರೆ ಬಿಟ್ಟು ಸಡಿಲ ನೈಟಿಗೆ ಬಂದಳು. ಫಿಸಿಯೋಥೆರಪಿಸ್ಟ್ ಪ್ರತಿ ಸಲ "ನಮಸ್ಕಾರ ಮಾಡಿ, ಹಾಗೇ ಮೊಣಕೈ ಮೇಲೆತ್ತಿ" ಅನ್ನುತ್ತಾರೆ. ಅಂಗೈಗಳು ಪೂರ್ತಿ ಕೂಡುತ್ತವಾ, ನಡುವೆ ಸಂದು ಉಳಿಯುತ್ತಾ, ಅದರಲ್ಲಿ ಕೀಲು ಎಷ್ಟು ಬಿಗಿದಿದೆ ಅಂತ ಗೊತ್ತಾಗುತ್ತದೆ. ಒಂದು ಕಾಲದಲ್ಲಿ ಅಕ್ಕನ ಅಂಗೈಗಳ ನಡುವೆ ಪೆನ್ನು ತೂರುತ್ತಿತ್ತು.

ಈ ಹಂತದಲ್ಲಿ ಎರಡು ದಾರಿ ಇಟ್ಟರು. ಒಂದು ಫೋಟೋಫೆರೆಸಿಸ್. ರಕ್ತ ಹೊರಗೆ ತೆಗೆದು, ಬಿಳಿ ಕಣ ಬೇರೆ ಮಾಡಿ, ಅದಕ್ಕೆ ಮೆಥಾಕ್ಸಲೆನ್ ಸೇರಿಸಿ, ಅಲ್ಟ್ರಾವಯೊಲೆಟ್ ಬೆಳಕು ಹಾಯಿಸಿ ವಾಪಸ್ ಕೊಡುವುದು. ಮೈಗೆ ತಾಗಿದರೆ ಕೇಡು ಮಾಡುವ ಅದೇ ಕಿರಣ ಹೊರಗಿನ ಚೀಲದಲ್ಲಿ ಔಷಧಿ. ಮೆಥಾಕ್ಸಲೆನ್ ಸೊರಾಲೆನ್ ಜಾತಿಯದು. ನಮ್ಮ ನಾಟಿ ವೈದ್ಯರು ತೊನ್ನಿಗೆ ಹಚ್ಚುವ ಬಾವಂಚಿ ಬೀಜದಲ್ಲೂ ಸೊರಾಲೆನ್ ಇದೆ, ಹಚ್ಚಿ ಬಿಸಿಲಿಗೆ ಕೂರಿಸುವುದು ಅದಕ್ಕೇ. ಇನ್ನೊಂದು ರುಕ್ಸೋಲಿಟಿನಿಬ್ ಮಾತ್ರೆ, ಸ್ಟೀರಾಯ್ಡಿಗೆ ಬಗ್ಗದ ಜಿವಿಎಚ್‌ಡಿಗೆ. ಅಮೆರಿಕದಲ್ಲಿ ಶುರುವಿನ ಬಗೆಗೆ 2019ರಲ್ಲಿ, ದೀರ್ಘಕಾಲದ್ದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಊರಿಂದ ಪದೇ ಪದೇ ಓಡಾಡುವುದು ಆಗದ ಮಾತು, ಮಾತ್ರೆ ಆರಿಸಿಕೊಂಡೆವು. ಖರ್ಚಿನ ಮಾತು ಬೇಡ. ಪ್ಲೇಟ್‌ಲೆಟ್ ಇಳಿಸುತ್ತದೆ ಅಂತ ಆಗಾಗ ರಕ್ತ ಪರೀಕ್ಷೆ. ತಿಂಗಳುಗಳು ಹಿಡಿದವು, ಆದರೆ ಸೊಂಟದ ಚರ್ಮ ಈಗ ಚಿವುಟಿದರೆ ಸಿಗುತ್ತದೆ.

ವೀಡಿಯೊ ಕಾಲ್ ನಂಬಬೇಡಿ, ಇದೊಂದು ನನ್ನ ಅನುಭವದ ಮಾತು. ಈಗಿನ ಫೋನುಗಳು ಚರ್ಮವನ್ನು ತಾವೇ ನುಣುಪು ಮಾಡಿ, ಬೆಳ್ಳಗೆ ಮಾಡಿ ತೋರಿಸುತ್ತವೆ. ಬ್ಯೂಟಿ ಮೋಡ್ ಆರಿಸಿ, ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಬೇರೆಯವರ ಕೈಯೊಂದು ಇಟ್ಟು ಫೋಟೋ ತೆಗೆದರೆ ಡಾಕ್ಟರಿಗೂ ಉಪಯೋಗ. ವರ್ಷಕ್ಕೊಮ್ಮೆ ಚರ್ಮದ ಡಾಕ್ಟರಿಗೆ ಪೂರ್ತಿ ಮೈ ತೋರಿಸಬೇಕು. ಟ್ರಾನ್ಸ್‌ಪ್ಲಾಂಟ್ ಆದವರಿಗೆ ಮುಂದೆ ಚರ್ಮದ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಜಾಸ್ತಿ.

ಸದ್ಯ ಅಕ್ಕನ ತಲೆಯಲ್ಲಿರುವುದು ಚಿಕ್ಕಮ್ಮನ ಮಗಳ ಮದುವೆ. ಅರಿಶಿನ ಶಾಸ್ತ್ರಕ್ಕೆ ದೂರ ಕೂರುತ್ತಾಳೆ, ಮೆಹೆಂದಿ ಬೇಡವೇ ಬೇಡ, ಊಟದ ಸಾಲಿನಲ್ಲಿ ಮೊಸರನ್ನ ಮೊದಲೇ ಹೇಳಿಟ್ಟಾಗಿದೆ. ಆದರೆ ಮೈಸೂರು ಸಿಲ್ಕ್ ಉಡಲೇಬೇಕು ಅಂತ ಹಟ. ಅದಕ್ಕೆ ಉಪಾಯ ಅವಳೇ ಕಂಡುಕೊಂಡಳು. ಲಾಡಿ ಬದಲು ನಾಲ್ಕು ಬೆರಳಗಲದ ಮೆತ್ತನೆ ಹತ್ತಿಪಟ್ಟಿ ಇಟ್ಟು, ಪಕ್ಕದಲ್ಲಿ ಎರಡು ಹುಕ್ ಹಾಕಿದ ಲಂಗ. ಟೈಲರ್ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸೊಂಟ ನೋವಾ ಮೇಡಂ?" ಅಂದ. ಅಕ್ಕ ಹೌದು ಅಂದುಬಿಟ್ಟಳು. ಪೂರ್ತಿ ವಿವರಿಸಲು ಹೋಗಿದ್ದರೆ ಮದುವೆಯ ಹೊತ್ತಿಗೆ ಲಂಗ ಸಿಗುತ್ತಿರಲಿಲ್ಲ.